ಅಗೆಯದೆ ತಳಿಯ ಗುಣ ಹೇಳಬೇಡಿ

ಅಮೆರಿಕದ ಅಯೋವಾ, ಇಲಿನಾಯ್, ನೆಬ್ರಾಸ್ಕಾ ಕಡೆಯ ಮೆಕ್ಕೆಜೋಳಕ್ಕೆ (ಮುಂದೆ ಜೋಳ ಎಂದರೆ ಇದೇ) ದೊಡ್ಡ ಶತ್ರು ಡಯಾಬ್ರೊಟಿಕಾ ದುಂಬಿಯ ಮರಿಹುಳು. ಅದು ಬೇರು ತಿನ್ನುತ್ತದೆ. (ನಮ್ಮ ಗೋವಿನಜೋಳದ ಬೇರು ಕಡಿಯುವ ಗೊಣ್ಣೆಹುಳು ಬೇರೆಯೇ ಜಾತಿ. ಕೆಳಗಿನ ಲೆಕ್ಕ ಅದಕ್ಕಲ್ಲ.) ಬೆಳೆ ಮಲಗಲಿಲ್ಲವೆಂದರೆ ತಳಿ ಗಟ್ಟಿ ಎಂದುಬಿಡುತ್ತಾರೆ. ಗಾಳಿ ಬೀಸದಿದ್ದರೆ ಅರ್ಧ ಬೇರು ಹೋದ ಜೋಳವೂ ನಿಂತೇ ಇರುತ್ತದೆ.

ಹಾಗಾಗಿ ಅಗೆದೇ ನೋಡಬೇಕು. ಜುಲೈ ಮಧ್ಯದಿಂದ ಆಗಸ್ಟ್ ಆರಂಭದೊಳಗೆ, ಹೊಲದ ಅಲ್ಲಲ್ಲಿಂದ ತಳಿಗೆ ಹತ್ತು ಗಿಡ ಆರಿಸಿ. ಗೇಣು ಅಗಲ, ಗೇಣು ಆಳದ ಮಣ್ಣುಗಟ್ಟಿ ಸಮೇತ ಕೀಳಿ. ನೀರಲ್ಲಿ ನೆನೆಸಿ, ಆಮೇಲೆ ಪೈಪಿನ ನೀರು ಬಿಟ್ಟು ತೊಳೆಯಿರಿ. ಬೇರಿನ ಹಾನಿಗೆ ಅಂಕ 0ಯಿಂದ 3. ದಂಟಿನ ಒಂದು ಗಣ್ಣಿನ ಸುತ್ತಲಿನ ಬೇರೆಲ್ಲ ಸುಮಾರು 4 ಸೆಂ.ಮೀ. ಮೋಟು ಉಳಿಯುವಂತೆ ಕಡಿದುಹೋಗಿದ್ದರೆ 1. ಅದರ ಜೊತೆಗೆ ಇನ್ನೊಂದು ಗಣ್ಣಿನ ಕಾಲು ಭಾಗ ಹೋಗಿದ್ದರೆ 1.25. ಒಂದು ಪೂರ್ತಿ ಗಣ್ಣು ಹೋದರೆ ಇಳುವರಿ ಸರಾಸರಿ ಶೇ. 15ರಷ್ಟು ಕುಸಿಯುತ್ತದೆ.

ಎಡವುವುದು ಎರಡು ಕಡೆ. ಹುಳು ತಿಂದ ತುದಿ ಕಂದು, ಸನಿಕೆ ತಾಗಿ ಮುರಿದದ್ದು ಬಿಳಿ, ಎರಡನೆಯದನ್ನು ಎಣಿಸಬೇಡಿ. ತಡಮಾಡಿ ಅಗೆದರೆ ಹೊಸ ಬೇರು ಹಳೆಯ ಗಾಯ ಮುಚ್ಚಿರುತ್ತದೆ. ಬೇಗ ಬೇರು ಬಿಡುವ ತಳಿ ಹುಳುವನ್ನು ಸಹಿಸುತ್ತದೆ, ಕೊಲ್ಲುವುದಿಲ್ಲ. ಪಕ್ಕದಲ್ಲೇ ಹುಳು ತಡೆಯದ ತಳಿಯ ಒಂದು ಪಟ್ಟಿ ಇರಲೇಬೇಕು. ಇಲ್ಲವಾದರೆ ಸೊನ್ನೆ ಅಂಕ ಬಂದದ್ದು ತಳಿಯಿಂದಲೋ ಹುಳುವೇ ಇಲ್ಲದ್ದರಿಂದಲೋ ಗೊತ್ತಾಗುವುದಿಲ್ಲ.

ಕೊಲ್ಲುವ ತಳಿಗಳದೂ ಒಂದು ಕತೆಯಿದೆ. ಬ್ಯಾಕ್ಟೀರಿಯಾದ ಜೀನ್ ಸೇರಿಸಿ, ಹುಳುವಿಗೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಿದ್ದು ಬಿಟಿ ಜೋಳ. ಸಿಆರ್‌ವೈ3ಬಿಬಿ1 ಎಂಬ ಪ್ರೋಟೀನಿನದು 2003ರಲ್ಲಿ ಬಂತು. 2009ರಲ್ಲಿ ಅಯೋವಾದಲ್ಲಿ ಹಿಡಿದ ದುಂಬಿಗಳ ಸಂತತಿ ಆಗಲೇ ಅದನ್ನು ತಿಂದೂ ಬದುಕುತ್ತಿತ್ತು. ಆ ಹೊಲಗಳಲ್ಲಿ ಕನಿಷ್ಠ ಮೂರು ವರ್ಷ ಜೋಳದ ಮೇಲೆ ಜೋಳ, ಅದೂ ಅದೇ ಪ್ರೋಟೀನಿನದು. ವಿಷದ ಪ್ರಮಾಣ ಎಲ್ಲ ಹುಳುಗಳನ್ನೂ ಕೊಲ್ಲುವಷ್ಟಿರಲಿಲ್ಲ. ಬದುಕುಳಿದವು ತಮ್ಮತಮ್ಮಲ್ಲೇ ಕೂಡಿದವು. ಅದೇ ಬಗೆಯ ಇನ್ನೊಂದು ಪ್ರೋಟೀನ್ ಎಂಸಿಆರ್‌ವೈ3ಎಗೆ ಬದಲಿಸಿದರೂ ಉಪಯೋಗವಿಲ್ಲ, ಒಂದನ್ನು ಗೆದ್ದ ಹುಳು ಇನ್ನೊಂದನ್ನೂ ಗೆಲ್ಲುತ್ತದೆ.

ಜೋಳದ ಸ್ವಂತ ಆಯುಧಗಳೂ ಇವೆ. ಹುಳು ಕಡಿದಾಗ ಕೆಲವು ತಳಿಗಳ ಬೇರು ಕ್ಯಾರಿಯೊಫಿಲೀನ್ ಎಂಬ ವಾಸನೆ ಬಿಟ್ಟು, ಹುಳು ಕೊಲ್ಲುವ ಮಣ್ಣಿನ ಸೂಕ್ಷ್ಮ ಜಂತುಗಳನ್ನು ಕರೆಯುತ್ತದೆ. ಉತ್ತರ ಅಮೆರಿಕದ ಬಹುಪಾಲು ತಳಿಗಳು ಈ ಗುಣ ಕಳೆದುಕೊಂಡಿವೆ.

ಅಂಕ 1 ದಾಟಿದರೆ ಮುಂದಿನ ವರ್ಷ ಆ ಹೊಲಕ್ಕೆ ಸೋಯಾ. ಮೊಟ್ಟೆಯೊಡೆದ ಮರಿಗೆ ಸೋಯಾ ಬೇರು ಆಗಿಬರುವುದಿಲ್ಲ. ಆದರೆ ಇಲಿನಾಯ್‌ನಲ್ಲಿ ಎಚ್ಚರ: ಅಲ್ಲಿನ ಕೆಲವು ದುಂಬಿಗಳು ಸೋಯಾ ಹೊಲದಲ್ಲೇ ಮೊಟ್ಟೆಯಿಡುತ್ತವೆ, ಮರಿ ಹೊರಬರುವುದು ಮರುವರ್ಷದ ಜೋಳಕ್ಕೆ.