ಎರಡು ಲೀಟರ್ ನೀರು ಹೊತ್ತು ಓಡುವವರ ಪೇಸ್ ಕೇಳಬೇಡಿ

ಭಾನುವಾರ ಬೆಳಗ್ಗೆ ಐದೂಮುಕ್ಕಾಲು. ಪುಣೆಯ ಕೋಥ್ರೂಡ್‌ನ ನಮ್ಮ ಗಲ್ಲಿಯ ಚಹಾದಂಗಡಿ ಇನ್ನೂ ತೆರೆದಿರುವುದಿಲ್ಲ. ನಾವು ಹತ್ತು ಹನ್ನೆರಡು ಜನ ನಿದ್ದೆಗಣ್ಣಲ್ಲಿ ನಿಂತಿರುತ್ತೇವೆ. ಎಲ್ಲರ ಬೆನ್ನಿಗೂ ಒಂದು ಚೀಲ, ಅದರಲ್ಲಿ ಎರಡು ಲೀಟರಿನ ಹಳೇ ಕೂಲ್‌ಡ್ರಿಂಕ್ ಬಾಟಲಿ. ನೀರು ನಮಗಲ್ಲ, ವೇತಾಳ ಟೇಕಡಿಯ ಮೇಲಿನ ಗಿಡಗಳಿಗೆ. ಟೇಕಡಿ ಅಂದರೆ ಮರಾಠಿಯಲ್ಲಿ ಗುಡ್ಡ.

ಇದನ್ನೇನು ನಾವು ಕಂಡುಹಿಡಿದಿದ್ದಲ್ಲ. ಲಂಡನ್‌ನಲ್ಲಿ 2009ರಲ್ಲೇ ಗುಡ್‌ಜಿಮ್ ಅಂತ ಶುರುವಾಯಿತು. ಗುಂಪಾಗಿ ಓಡಿಕೊಂಡು ಒಂದು ಕಡೆ ಹೋಗುವುದು, ಅಲ್ಲಿ ತೋಟ ಹಸನು ಮಾಡುವುದೋ ಮಣ್ಣು ಹೊರುವುದೋ ಏನೋ ಒಂದು ಕೆಲಸ ಮುಗಿಸುವುದು, ಮತ್ತೆ ಓಡಿ ಮನೆಗೆ. ಸ್ವೀಡನ್ನಿನವರ ಪ್ಲಾಗಿಂಗ್, ಅಂದರೆ ಓಡುತ್ತಾ ಕಸ ಹೆಕ್ಕುವುದು, 2016ರದ್ದು. ಇನ್ನು ಪುಣೆಯ ಟೇಕಡಿಗಳಲ್ಲಿ ಬೆಳಗಿನ ವಾಕಿಂಗ್‌ಗೆ ಬರುವ ಹಿರಿಯರು ಕೈಯಲ್ಲಿ ಕ್ಯಾನ್ ಹಿಡಿದು ಗಿಡಕ್ಕೆ ನೀರು ಹಾಕುವುದಂತೂ ಎಷ್ಟೋ ವರ್ಷಗಳಿಂದ ನಡೆದಿದೆ, ಅದಕ್ಕೆ ಯಾರೂ ಹೆಸರಿಟ್ಟಿಲ್ಲ ಅಷ್ಟೇ.

ನಮ್ಮದು ಶುರುವಾಗಿದ್ದು ನಾಚಿಕೆಯಿಂದ. ಎರಡು ವರ್ಷದ ಹಿಂದೆ ಜುಲೈನಲ್ಲಿ ನಮ್ಮ ಓಟದ ಗುಂಪು ಒಂದು ಗಿಡ ನೆಡುವ ಕಾರ್ಯಕ್ರಮಕ್ಕೆ ಹೋಗಿತ್ತು. ಒಂದೇ ಬಣ್ಣದ ಟೀಶರ್ಟು, ಫೋಟೊ, ಮಳೆಯಲ್ಲಿ ಬಿಸಿ ವಡಾಪಾವ್. ನಲವತ್ತು ಸಸಿ ನೆಟ್ಟು ಬಂದೆವು, ಆಮೇಲೆ ಮರೆತೇಬಿಟ್ಟೆವು. ಪುಣೆಯ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಟೇಕಡಿ ಅಂದರೆ ಕೆಳಗೆ ಕರಿಬಂಡೆ, ಮೇಲೆ ಗೇಣುದ್ದ ಮೊರಂ, ಅಂದರೆ ಗರಸು ಮಣ್ಣು. ನೀರು ನಿಲ್ಲುವುದೇ ಇಲ್ಲ. ಮಾರ್ಚ್‌ನಲ್ಲಿ ಹಾಗೇ ಸುಮ್ನೆ ಆ ದಾರಿಯಲ್ಲಿ ಓಡಿದಾಗ ಎಣಿಸಿದೆ. ಹನ್ನೊಂದು ಉಳಿದಿದ್ದವು.

ಇದನ್ನು ನಮ್ಮ ಕಾಕೂಗೆ ಹೇಳಿದೆ, ಮರಾಠಿಯಲ್ಲಿ ಕಾಕೂ ಅಂದರೆ ಚಿಕ್ಕಮ್ಮ. ಕಾಕೂ ಹುಬ್ಬಳ್ಳಿಯವರು, ಪುಣೆಗೆ ಬಂದು ಮೂವತ್ತೈದು ವರ್ಷವಾಯಿತು. ನಮ್ಮ ಹೌಸಿಂಗ್ ಸೊಸೈಟಿಯ ಹಿಂದಿನ ಖಾಲಿ ಜಾಗದಲ್ಲಿ ನಾಲ್ಕೈದು ಮನೆಯವರು ಸೇರಿ ಕಾಯಿಪಲ್ಲೆ ಬೆಳೆಯುತ್ತಾರಲ್ಲ, ಅದಕ್ಕೆ ಅವರೇ ಯಜಮಾನರು. ಕೇಳಿ ನಕ್ಕರು. "ತಮ್ಮಾ, ಹಚ್ಚೂದು ಒಂದ ದಿನದ್ದು. ಮೂರು ವರ್ಷ ನೀರು ಹಾಕಲಿಕ್ಕೆ ಯಾರು ಬರ್ತೀರಿ? ದಿನಾ ಓಡ್ತೀರಲ್ಲ, ಅತ್ತಾಗ ಓಡ್ರಿ."

ಮಾತು ಸರಿಯಾಗಿ ನಾಟಿತು. ಗಿಡ ನೆಡಲು ನೂರು ಜನ ಸಿಗುತ್ತಾರೆ, ಆದರೆ ಪ್ರತಿ ವಾರ ತಪ್ಪದೆ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರುವವರು ಬೇಕು ಅಂದರೆ ಓಟದವರನ್ನು ಬಿಟ್ಟು ಯಾರಿದ್ದಾರೆ ಹೇಳಿ. ನಮಗೆ ಅದೊಂದು ಚಟ ಅಲ್ವಾ.

ಮೊದಲ ತಿಂಗಳು ಎಲ್ಲ ತಪ್ಪೇ ಮಾಡಿದೆವು. ಆರು ಕಿಲೋಮೀಟರ್ ಜೋರಾಗಿ ಓಡಿ, ಬಂದವರೇ ಕಾಕೂ ತೋಟದಲ್ಲಿ ಗುದ್ದಲಿ ಹಿಡಿದೆವು. ನಮ್ಮಲ್ಲೊಬ್ಬ, ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವನು, ಬಗ್ಗಿದವನು ನೆಟ್ಟಗಾಗಲು ನಾಲ್ಕು ದಿನ ಹಿಡಿಯಿತು. ಈಗ ಅಗೆಯುವ ದಿನ ಓಟವಿಲ್ಲ, ನೀರು ಹಾಕುವ ದಿನ ಮಾತ್ರ ಓಟ. ಹತ್ತುವಾಗ ನಿಧಾನ, ಬಾಟಲಿ ಖಾಲಿಯಾದ ಮೇಲೆ ಇಳಿಯುವಾಗ ಬೇಕಾದವರು ಜೋರಾಗಿ ಹೋಗಲಿ. ಮ್ಯಾರಥಾನ್‌ಗೆ ತಯಾರಿ ನಡೆಸಿದ್ದ ಒಬ್ಬ ಆ್ಯಪ್‌ನಲ್ಲಿ ಪೇಸ್ ಕಿಲೋಮೀಟರಿಗೆ ಒಂಬತ್ತು ನಿಮಿಷ ತೋರಿಸುತ್ತದೆ, ಇಷ್ಟು ನಿಧಾನ ಆಗದು ಅಂತ ಗುಂಪು ಬಿಟ್ಟ. ಬೇಜಾರಿಲ್ಲ. 1983ರಿಂದ ಮ್ಯಾರಥಾನ್ ನಡೆಸಿಕೊಂಡು ಬಂದ ಊರಿದು, ಅವನಿಗೆ ಬೇರೆ ಗುಂಪು ಸಿಗದೆ ಇರುತ್ತದೆಯೇ.

ನೀರು ಹಾಕುವುದಕ್ಕೂ ಒಂದು ಕ್ರಮವಿದೆ. ಇಳಿಜಾರಲ್ಲಿ ಗಿಡದ ಸುತ್ತ ದುಂಡಗೆ ಪಾತಿ ಮಾಡಿದರೆ ಪ್ರಯೋಜನವಿಲ್ಲ, ಕೆಳಬದಿಗೆ ಅರ್ಧಚಂದ್ರದ ಹಾಗೆ ಒಂದು ಸಣ್ಣ ಒಡ್ಡು ಹಾಕಬೇಕು. ಬಾಟಲಿ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ತೂತು ಮಾಡಿ ಬುಡದ ಹತ್ತಿರ ತಲೆಕೆಳಗಾಗಿ ಊರಿದರೆ ನೀರು ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಮುಂದಿನ ವಾರ ಖಾಲಿ ಬಾಟಲಿ ವಾಪಸ್ ತರಬೇಕು, ಅಲ್ಲೇ ಬಿಟ್ಟರೆ ನಾವೇ ಕಸ ಹಾಕಿದ ಹಾಗೆ. ಬುಡಕ್ಕೆ ಒಣ ಎಲೆ ಮುಚ್ಚುವುದು ತೋಟದಲ್ಲಿ ಒಳ್ಳೆಯದು, ಟೇಕಡಿಯಲ್ಲಿ ಮಾತ್ರ ಬೇಡ. ಬೇಸಿಗೆಯಲ್ಲಿ ಅಲ್ಲಿ ಹುಲ್ಲಿಗೆ ಬೆಂಕಿ ಬೀಳುತ್ತದೆ. ಅದಕ್ಕೆ ಎಲೆಯ ಬದಲು ಚಪ್ಪಟೆ ಕಲ್ಲು ಜೋಡಿಸುತ್ತೇವೆ, ಸುತ್ತಲಿನ ಹುಲ್ಲು ಕಿತ್ತು ಹಾಕುತ್ತೇವೆ. ಹೊಸ ಗುಂಡಿ ಮಾತ್ರ ನಾವಾಗಿ ತೋಡುವುದಿಲ್ಲ. ಅಲ್ಲಿ ಅರಣ್ಯ ಇಲಾಖೆಯ ಜಾಗ ಜಾಸ್ತಿ, ಕೇಳದೆ ಗುದ್ದಲಿ ಹಾಕುವಂತಿಲ್ಲ.

ಮಧ್ಯ ಅಮೆರಿಕದಿಂದ ಬಂದ ಗ್ಲಿರಿಸೀಡಿಯಾ, ನಮ್ಮ ಗೊಬ್ಬರದ ಗಿಡ, ಯಾರ ಹಂಗೂ ಇಲ್ಲದೆ ಟೇಕಡಿ ತುಂಬಾ ಹಬ್ಬಿದೆ. ಮುತ್ತುಗ, ಕಕ್ಕೆಯ ಎಳೆ ಸಸಿಗಳಿಗೆ ಮಾತ್ರ ನಾವು ಬಾಟಲಿ ಹೊರಬೇಕು. ಒಮ್ಮೊಮ್ಮೆ ಸಿಟ್ಟು ಬರುತ್ತದೆ.

ಫೆಬ್ರವರಿ ಬಂತೆಂದರೆ ನೀರಿನ ಜೊತೆ ಎಲೆ ಹೊರುವ ಕೆಲಸ. ರಸ್ತೆಯಲ್ಲಿ ಗುಡಿಸಿಟ್ಟ ಎಲೆ ರಾಶಿಗೆ ಯಾರಾದರೂ ಕಡ್ಡಿ ಗೀರುವ ಮೊದಲು ಗೋಣಿಚೀಲಕ್ಕೆ ತುಂಬಿ ಕಾಕೂ ತೋಟಕ್ಕೆ ಸಾಗಿಸುತ್ತೇವೆ. ಚೀಲ ಹಗುರ, ಆದರೆ ಗಾತ್ರ ನೋಡಿದರೆ ಒಳಗೆ ಮನುಷ್ಯನನ್ನೇ ತುಂಬಿದ್ದಾರೆ ಅನ್ನಿಸಬೇಕು. ಅದನ್ನು ಹೊತ್ತು ಓಡುವ ನನ್ನನ್ನು ಕಂಡು ನಮ್ಮ ಗಲ್ಲಿ ನಾಯಿಗಳು, ದಿನಾ ಬಿಸ್ಕತ್ತು ತಿನ್ನುವ ಅವೇ ನಾಯಿಗಳು, ಅಟ್ಟಿಸಿಕೊಂಡು ಬಂದವು. ಆ ವರ್ಷದ ನನ್ನ ಅತಿ ವೇಗದ ನಾನೂರು ಮೀಟರ್ ಅದೇ. ಮಾವಿನ ಎಲೆ, ಹಲಸಿನ ಎಲೆ ಬೇಗ ಕೊಳೆಯುವುದಿಲ್ಲ, ಕಾಲಲ್ಲಿ ತುಳಿದು ಪುಡಿ ಮಾಡಬೇಕು. ಆಮೇಲೆ ಒಂದು ಪದರ ಎಲೆ, ಮೇಲೆ ಸಗಣಿ ನೀರು, ಮತ್ತೆ ಎಲೆ. ಕಾಕೂ ಒಂದು ಹಿಡಿ ತೆಗೆದು ಹಿಂಡಿ ನೋಡುತ್ತಾರೆ. ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು, ನೀರು ತೊಟ್ಟಿಕ್ಕಿದರೆ ಬೈಗುಳ.

ಟೇಕಡಿಯ ಆ ಹನ್ನೊಂದು ಸಸಿಗಳಲ್ಲಿ ಈಗ ಒಂಬತ್ತಿವೆ. ಒಂದು ಮುತ್ತುಗ ನನ್ನ ಮೊಣಕಾಲಿಗೆ ಬಂದಿದೆ.

ಹೋದ ವಾರ ಕಾಕೂ ಎರಡು ಕಟ್ಟು ಮೆಂತ್ಯ ಪಲ್ಲೆ ಕೊಟ್ಟರು. ಖಾಲಿ ಬಾಟಲಿಗಳ ಮಧ್ಯೆ ತುರುಕಿಕೊಂಡು ಮನೆ ಕಡೆ ಓಡುತ್ತಿದ್ದೆ, ಬೆನ್ನ ಮೇಲೆ ಸೊಪ್ಪು ಅಲ್ಲಾಡುತ್ತಿತ್ತು. ಸಿಗ್ನಲ್ ಹತ್ತಿರ ಒಬ್ಬ ಆಜಿ ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಮೇಥೀ ಕಶೀ ದಿಲೀ?" ಹೇಗೆ ಕೊಟ್ಟೆ ಅಂತ. ಮಾರಲಿಕ್ಕಲ್ಲ ಅಂದರೆ ನಂಬಲೇ ಇಲ್ಲ, ಹತ್ತು ರೂಪಾಯಿ ಕೈಗೆ ತುರುಕಿ ಒಂದು ಕಟ್ಟು ಎಳೆದುಕೊಂಡು ಹೋದರು.