ಮರಳಿನ ಮೇಲೆ ಬಿರುಸಿನ ಓಟ: ನವೆಂಬರ್‌ನಿಂದ ಏಪ್ರಿಲ್‌ವರೆಗೆ

ನವೆಂಬರ್

ಕಾರವಾರದ ಟಾಗೋರ್ ಕಡಲತೀರದಲ್ಲಿ ವಾರಕ್ಕೆರಡು ಬೆಳಗಿನ ಅಭ್ಯಾಸ. ಕ್ರಮ ನಾರ್ವೆಯವರದು: ನಾಲ್ಕು ನಿಮಿಷ ಜೋರು ಓಟ, ಮೂರು ನಿಮಿಷ ನಡಿಗೆ, ಹೀಗೆ ನಾಲ್ಕು ಸುತ್ತು. ಜೋರು ಎಂದರೆ ಹೃದಯದ ಗರಿಷ್ಠ ಬಡಿತದ ಶೇ. 90ರಿಂದ 95, ಎರಡು ಮಾತಾಡುವಷ್ಟರಲ್ಲಿ ಏದುಸಿರು ಬರಬೇಕು. ಜಪಾನಿನ ಇಜುಮಿ ತಬಾತಾ 1996ರಲ್ಲಿ ಪ್ರಕಟಿಸಿದ 20 ಸೆಕೆಂಡ್ ದುಡಿಮೆ, 10 ಸೆಕೆಂಡ್ ವಿರಾಮದ ಕ್ರಮವೇ ಹೆಚ್ಚು ಹೆಸರುವಾಸಿ. ಆದರೆ ಅದು ಪ್ರಯೋಗಾಲಯದ ಸೈಕಲ್ ಮೇಲೆ ನಡೆದದ್ದು. ಮರಳಿನಲ್ಲಿ ನಿಂತು ತಿರುಗುವುದಕ್ಕೇ ಹತ್ತು ಸೆಕೆಂಡ್ ಸಾಲದು.

ಇಳಿತದ ಹೊತ್ತು ನೋಡಿಕೊಂಡೇ ಹೊರಡುತ್ತೇನೆ. ಒದ್ದೆ ಮರಳು ಕಾಲು ಹಿಡಿಯುವುದಿಲ್ಲ. ಒಣ ಮರಳಿನಲ್ಲಾದರೆ ಅದೇ ವೇಗಕ್ಕೆ ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ಹಾಗಾಗಿ ದೂರದ ಲೆಕ್ಕ ಬಿಟ್ಟಿದ್ದೇನೆ. ಓಟ ನಿಲ್ಲಿಸಿದ ಒಂದು ನಿಮಿಷದಲ್ಲಿ ನಾಡಿ ಎಷ್ಟು ಇಳಿಯಿತು ಎಂಬುದನ್ನಷ್ಟೇ ಬರೆದಿಡುತ್ತೇನೆ.

ಡಿಸೆಂಬರ್

ಅದೇ ವೇಗ, ಕಡಿಮೆ ನಾಡಿ. ಮೊದಲು ಬದಲಾಗುವುದು ಸ್ನಾಯುವಲ್ಲ, ರಕ್ತ. ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚುತ್ತದೆ, ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ತುಂಬಿಕೊಂಡು ಹೆಚ್ಚು ತಳ್ಳುತ್ತದೆ. ಹಿಗ್ಗುವಂಥದ್ದೇನಿಲ್ಲ, ಅಭ್ಯಾಸ ಬಿಟ್ಟರೆ ಬೇಗ ಕರಗುವ ಗಳಿಕೆಯೂ ಇದೇ.

ಜನವರಿ

ಈಗ ಸ್ನಾಯುಗಳ ಸರದಿ. ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳು ಹೆಚ್ಚುತ್ತವೆ, ಕೂದಲೆಳೆಯಂಥ ರಕ್ತನಾಳಗಳಾದ ಲೋಮನಾಳಗಳ ಜಾಲ ನಿಧಾನವಾಗಿ ದಟ್ಟವಾಗುತ್ತದೆ. ಜೋರಾಗಿ ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟೇಟ್, ಅದೇ ವೇಗಕ್ಕೆ ರಕ್ತದಲ್ಲಿ ಸೇರುವುದು ಕಡಿಮೆಯಾಗುತ್ತದೆ. ಈ ಲ್ಯಾಕ್ಟೇಟಿನ ಮೇಲೆ ಸುಮ್ಮನೆ ಅಪವಾದ. ಮರುದಿನದ ಮೈಕೈ ನೋವಿಗೆ ಅದು ಕಾರಣವಲ್ಲ. ಹೃದಯ ಅದನ್ನೇ ಇಂಧನವಾಗಿ ಸುಡುತ್ತದೆ.

ಗಡಿಯಾರಕ್ಕಿಂತ ಮರಳು ಹೆಚ್ಚು ಹೇಳಿತು. ನವೆಂಬರಿನಲ್ಲಿ ನಾಲ್ಕನೆಯ ಸುತ್ತಿನ ಹೆಜ್ಜೆಗುರುತುಗಳಲ್ಲಿ ಹಿಮ್ಮಡಿ ಆಳಕ್ಕೆ ಹೂತು, ಮುಂದೆ ಬೆರಳು ಎಳೆದ ಉದ್ದನೆಯ ಗೀರು ಇರುತ್ತಿತ್ತು. ಈಗ ಆ ಗೀರಿಲ್ಲ. ಹೆಜ್ಜೆಯ ಅಂತರವೂ ಮೊದಲ ಸುತ್ತಿನಷ್ಟೇ ಇದೆ. ಗರಿಷ್ಠ ನಾಡಿ ಮಾತ್ರ ಇದ್ದಲ್ಲೇ ಇದೆ. ಅದು ಅಭ್ಯಾಸದಿಂದ ಏರುವಂಥದ್ದಲ್ಲ.

ಫೆಬ್ರವರಿ

ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಬಲ ಹಿಮ್ಮಡಿಯ ಮೇಲೆ ಬಿಗಿತ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತದ ಓಡಾಟ ಕಡಿಮೆ, ಅವು ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಎದೆ ಸಿದ್ಧವೆಂದರೂ ಹಿಮ್ಮಡಿ ಒಲ್ಲೆನ್ನುತ್ತದೆ. ಮಾತು ಹಿಮ್ಮಡಿಯದೇ ನಡೆಯಲಿ ಎಂದು ವಾರಕ್ಕೆ ಮೂರನೆಯ ದಿನದ ಓಟ ಸೇರಿಸಲಿಲ್ಲ. ದಡದ ಇಳಿಜಾರಿನಿಂದ ಕಡಲ ಕಡೆಯ ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ. ಆದ್ದರಿಂದ ಎರಡು ಸುತ್ತು ಕಾಳಿ ನದಿಯ ದಿಕ್ಕಿಗೆ, ಎರಡು ವಾಪಸ್.

ದಡದಿಂದ ರಂಪಣಿ ಮೀನುಬಲೆ ಎಳೆಯುವ ಹಿರಿಯರೊಬ್ಬರು, “ನಡುನಡುವೆ ನಿಲ್ಲುವುದಾದರೆ ಓಡುವುದೇಕೆ?” ಎಂದು ಕೇಳಿದರು. ಅವರೂ ಬಲೆ ಎಳೆದು, ಉಸಿರು ಬಿಟ್ಟು, ಮತ್ತೆ ಎಳೆಯುತ್ತಿದ್ದರು. ನಾನು ಬಲೆಯತ್ತ ಕೈ ತೋರಿಸಿದೆ. ನಕ್ಕರು.

ಏಪ್ರಿಲ್

ಅಂಕಿಗಳು ಹಿಂದೆ ಬಿದ್ದಿವೆ. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಂಪಾಗಿಸಲು ರಕ್ತ ಚರ್ಮದತ್ತ ಹರಿಯುತ್ತದೆ, ಅದೇ ವೇಗಕ್ಕೆ ನಾಡಿ ಏರುತ್ತದೆ. ಗಳಿಸಿದ್ದು ಹೋಯಿತೆಂದಲ್ಲ. ಒಂದೆರಡು ವಾರ ಸೆಕೆಗೆ ಒಗ್ಗಿದರೆ ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿನ ಉಪ್ಪೂ ಇಳಿಯುತ್ತದೆ. ಅಲ್ಲಿಯವರೆಗೆ ಮುರುಗಲು ಪಾನಕಕ್ಕೆ ಚಿಟಿಕೆ ಉಪ್ಪು ಹೆಚ್ಚು.

ಜೂನ್‌ನಲ್ಲಿ ಅಲೆಗಳು ಓಡುವ ಜಾಗ ಬಿಡುವುದಿಲ್ಲ. ಸೇತುವೆ ದಾಟಿ ಸದಾಶಿವಗಡದ ಏರಿನಲ್ಲಿ ಮುಂದುವರಿಸುವ ಯೋಚನೆಯಿದೆ. ಏರಿನಲ್ಲಿ ಹಿಮ್ಮಡಿಯ ಮೇಲೆ ಎಳೆತ ಜಾಸ್ತಿ. ಮೊದಲ ವಾರಗಳಲ್ಲಿ ಎರಡೇ ಸುತ್ತು.