ಇಂಜೆಕ್ಷನ್ ಆಯ್ತು ಅಂತ ಎದ್ದು ಬರಬೇಡಿ
ನಮ್ಮಲ್ಲಿ ಮಗುವನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು ಎರಡೇ ಕಾರಣಕ್ಕೆ, ಒಂದು ಜ್ವರ, ಇನ್ನೊಂದು ಇಂಜೆಕ್ಷನ್. ಗುರುವಾರ ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಸೂಜಿ ಹಾಕಿಸಿ, ತಾಯಿ ಕಾರ್ಡ್‌ನಲ್ಲಿ ಬರೆಸಿಕೊಂಡು ಬಂದರೆ ಮುಗಿಯಿತು. ಆದರೆ ಮಗು ಸರಿಯಾಗಿ ಬೆಳೆಯುತ್ತಿದೆಯಾ ಅಂತ ನೋಡಿಸಲು ಅದಕ್ಕಿಂತ ಒಳ್ಳೆ ದಿನ ಬೇರೆ ಇಲ್ಲ. ಜನ ಜಾಸ್ತಿ ಇದ್ದರೆ ಅವರಾಗಿಯೇ ನೋಡಲಿಕ್ಕಿಲ್ಲ, ನಾವೇ ಬಾಯಿಬಿಟ್ಟು ಕೇಳಬೇಕು.

ಮೊದಲು ಸೂಜಿ ವಿಷಯ ಮುಗಿಸಿಬಿಡುತ್ತೇನೆ. ಹುಟ್ಟಿದಾಗ ಬಿಸಿಜಿ (ಕ್ಷಯದ ಲಸಿಕೆ), ಹೆಪಟೈಟಿಸ್ ಬಿ, ಪೋಲಿಯೋ ಹನಿ. ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾ (ಐದು ರೋಗಕ್ಕೆ ಒಂದೇ ಸೂಜಿ) ಮತ್ತು ಅದರ ಜೊತೆಯವು. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ. ಪೆಂಟಾ ಆದ ದಿನ ಜ್ವರ ಬರಬಹುದು, ತೊಡೆ ಊದಬಹುದು, ಮಗು ರಾತ್ರಿಯೆಲ್ಲ ಅಳಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು ಅನ್ನುವುದು ಮಗುವಿನ ತೂಕದ ಮೇಲೆ ಹೋಗುತ್ತದೆ, ಅದನ್ನು ಅಲ್ಲೇ ಕೇಳಿ ಬರೆಸಿಕೊಳ್ಳಿ. ಮನೆಗೆ ಬಂದಮೇಲೆ ಅಜ್ಜಿ ಎಷ್ಟೇ ಪ್ರೀತಿಯಿಂದ ಎಣ್ಣೆ ಹಚ್ಚಿ ತಿಕ್ಕಲು ಬಂದರೂ ಆ ತೊಡೆ ಮುಟ್ಟುವುದು ಬೇಡ. ಮತ್ತೆ ಸೂಜಿ ಆದಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಬೇಕು.

ಆ ಅರ್ಧ ಗಂಟೆಯಲ್ಲಿ ಕಾರ್ಡ್‌ನಲ್ಲಿ ಮಗುವಿನ ತೂಕ ಗುರುತಿಸುವ ಬೆಳವಣಿಗೆ ಗೆರೆ ತೋರಿಸಿ ಅಂತ ಕೇಳಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಕುಲಾವಿ, ಸ್ವೆಟರ್ ತೆಗೆದು ತೂಗಿಸಿ. ಹುಟ್ಟಿದ ಮೊದಲ ವಾರ ಮಗುವಿನ ತೂಕ ಸ್ವಲ್ಪ ಇಳಿಯುತ್ತದೆ, ಹಾಲು ಸಾಲುತ್ತಿಲ್ಲ ಅಂತ ತಾಯಿಯನ್ನು ಹೆದರಿಸುವುದು ಆಗಲೇ ಶುರುವಾಗುತ್ತದೆ. ಎರಡು ವಾರದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಅದು ವಾಪಸ್ ಬಂದಿರುತ್ತದೆ. ಸುಮಾರು 5 ತಿಂಗಳಿಗೆ ಹುಟ್ಟಿದಾಗಿನ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಅನ್ನುವುದು ಒಂದು ಅಂದಾಜು. ಪಕ್ಕದ ಮನೆ ಮಗು ಗುಂಡುಗುಂಡಗಿದೆ ಅಂತ ಸುಮ್ನೆ ಕೊರಗಬೇಡಿ, ಸಣ್ಣ ಮಗುವೂ ತನ್ನ ಗೆರೆ ಹಿಡಿದು ಮೇಲೆ ಹೋಗುತ್ತಿದ್ದರೆ ಸಾಕು. ಗೆರೆ ಮಲಗಿದರೆ, ಇಲ್ಲಾ ಕೆಳಗೆ ಬಾಗಿದರೆ ಮಾತ್ರ ಬಿಡದೆ ಕೇಳಿ.

ತಲೆಯ ಸುತ್ತಳತೆಯನ್ನೂ ಟೇಪ್ ಹಿಡಿದು ನೋಡಬೇಕು, ಒಂದು ನಿಮಿಷದ ಕೆಲಸ.

ಇನ್ನು ಮಗು ಏನೇನು ಮಾಡುತ್ತಿದೆ ಅನ್ನುವುದು. ಎರಡು ತಿಂಗಳ ಹೊತ್ತಿಗೆ ನಿಮ್ಮ ಮುಖ ನೋಡಿ ನಗುತ್ತದಾ, ನಾಲ್ಕಕ್ಕೆ ಕತ್ತು ನಿಂತಿದೆಯಾ, ಒಂಬತ್ತಕ್ಕೆ ತಾನೇ ಕೂರುತ್ತದಾ, ಒಂದೂವರೆ ವರ್ಷಕ್ಕೆ ನಡೆದು ನಾಲ್ಕು ಮಾತಾಡುತ್ತದಾ. ಸ್ವಲ್ಪ ಹಿಂದೆಮುಂದೆ ಆಗುತ್ತದೆ. ಆದರೆ ಹೆಸರು ಕರೆದರೆ ತಿರುಗದ ಮಗುವಿಗೂ "ಇವರಪ್ಪನೂ ತಡವಾಗೇ ಮಾತಾಡಿದ್ದು ಬಿಡು" ಅಂತ ಮನೆಯವರು ಸಮಾಧಾನ ಹೇಳುತ್ತಾರಲ್ವಾ, ಅದನ್ನು ಕೇಳಿ ವರ್ಷ ಕಳೆಯಬೇಡಿ. ಕಿವಿ ಪರೀಕ್ಷೆ ಹುಟ್ಟಿದ ಕೂಡಲೇ ಮಾಡಿಸಬಹುದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸಕ್ಕೇ ಇದೆ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ) ಡಾಕ್ಟರ ತಂಡವೂ ಇಂಥ ಮಕ್ಕಳನ್ನು ಗುರುತಿಸಿ ಜಿಲ್ಲಾಸ್ಪತ್ರೆಗೆ ಕಳಿಸುತ್ತದೆ, ಖರ್ಚಿಲ್ಲ.

ಒಂದೂವರೆ ವರ್ಷದ ಬೂಸ್ಟರ್ (ಮತ್ತೊಮ್ಮೆ ಹಾಕಿಸುವ ಸೂಜಿ) ಆದಮೇಲೆ ಮುಂದಿನದು 5 ವರ್ಷಕ್ಕೆ. ನಡುವೆ ಎಷ್ಟೋ ಮನೆಯವರು ಕಾರ್ಡನ್ನೇ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಆದರೆ ವಿಟಮಿನ್ ಎ ದ್ರಾವಣ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡಿಸಬೇಕು, ಜಂತುಹುಳದ ಮಾತ್ರೆ ಇದೆ, ಹಲ್ಲು ಕಣ್ಣು ನೋಡಿಸುವುದಿದೆ. ಅಂಗನವಾಡಿಯಲ್ಲಿ ತೂಗಿದ ಲೆಕ್ಕವನ್ನೂ ಅದೇ ಕಾರ್ಡಿಗೆ ಹಾಕಿಸಿ.

ಊರಿಗೆ ಹೋಗಿ, ಮದುವೆ ಬಂದು ಸೂಜಿಯ ದಿನ ತಪ್ಪಿದರೆ ಬೈಯುತ್ತಾರೆ ಅಂತ ಹೋಗದೇ ಇರಬೇಡಿ. ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಸಣ್ಣ ನೆಗಡಿ ಇದ್ದರೂ ಹಾಕಿಸಬಹುದು.